ಓಟ್ಲಾ ಪರವಾಗಿ ಒಂದು ಇಂಗ್ಲಿಷ್ ಭಾಷಣ

ಅಂಗೈಯಿಂದ ಮೇಜು ಬಡಿಯುವ ಸದ್ದು ಅದು. ಮುಂದಿನ ಸಾಲಿನಲ್ಲಿ ಒಬ್ಬರು ಶುರು ಮಾಡಿದರೆ ಸಾಕು, ಹಿಂದಿನ ಸಾಲಿನವರೆಗೂ ಹಬ್ಬಿಕೊಂಡು ಹೋಗುತ್ತಿತ್ತು, ಟೆಂಪೊದಿಂದ ಇಟ್ಟಿಗೆ ಇಳಿಸಿದ ಹಾಗೆ. ನಡುನಡುವೆ ‘ಮಂಜೂರ್, ಮಂಜೂರ್’ ಎನ್ನುವ ಸೋಮಾರಿ ದನಿಗಳು. ಮೊದಲ ಸಲ ಕೇಳಿದಾಗ ಜಗಳ ಹತ್ತಿತೆಂದು ತಿಳಿದು ನಾನು ಪರ್ಸನ್ನು ಎದೆಗೆ ಅವಚಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಒಪ್ಪಿಗೆಯ ಸದ್ದು. ವಡೋದರಾದ ಪಾಲಿಕೆಯ ಸಭಾಗೃಹದಲ್ಲಿ ಒಂದು ನಿಯಮ ಪಾಸಾಗುವಾಗ ಅಷ್ಟೇ ಸದ್ದು, ಅಷ್ಟೇ ಹೊತ್ತು. ನಾನೀಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಅವಳ ಮಕ್ಕಳು ಡೈನಿಂಗ್ ಟೇಬಲ್ ಬಡಿದು ಆಡತೊಡಗಿದರೆ ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ಹೆಡ್‌ಏಕ್ ಎಂದು ಅವು ತಿಳಿದಿವೆ. ಹಾಗೇ ತಿಳಿದಿರಲಿ.

ನನ್ನ ಯಜಮಾನರು ಕೊಯಾಲಿಯ ರಿಫೈನರಿಯಿಂದ ರಿಟೈರ್ ಆದ ಮೇಲೆ ನಾವು ವಡೋದರಾದ ಮಂಜಲ್‌ಪುರದಲ್ಲಿ ಮನೆ ಕೊಂಡೆವು. ಇಲ್ಲಿನವರು ಟೆನಮೆಂಟ್ ಎನ್ನುವ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಎರಡು ಸಾಲು. ನಡುವೆ ಒಂದು ಕಿರುರಸ್ತೆ. ಟೌನ್‌ಶಿಪ್ಪಿನಲ್ಲಿ ಲಾನ್, ಕ್ಲಬ್, ಲೇಡೀಸ್ ಮೀಟಿಂಗ್ ಎಂದು ಬದುಕಿದ ನನಗೆ ಆ ಬೀದಿ ಮೊದಮೊದಲು ಬಹಳ ಗದ್ದಲವೆನಿಸಿತು. ಗದ್ದಲವೆಲ್ಲ ಓಟ್ಲಾಗಳದು. ಓಟ್ಲಾ ಎಂದರೆ ಮನೆ ಬಾಗಿಲಿನ ಮುಂದೆ ರಸ್ತೆಯ ಕಡೆ ಚಾಚಿದ ಕಟ್ಟೆ. ನಮ್ಮ ಹುಬ್ಬಳ್ಳಿ ಕಡೆ ಅದಕ್ಕೆ ಕಟ್ಟಿ ಎನ್ನುತ್ತಾರೆ. ಮಧ್ಯಾಹ್ನ ಎಲ್ಲರ ಮನೆಯ ಕೆಲಸ ಮುಗಿದ ಮೇಲೆ ಹೆಂಗಸರು ಅಲ್ಲಿ ಬಂದು ಕೂರುವರು. ತೊಗರಿಕಾಯಿ ಬಿಡಿಸುತ್ತ, ಮೇಥಿ ಸೋಸುತ್ತ, ಯಾರ ಸೊಸೆ ಯಾರಿಗೆ ಏನಂದಳು ಎನ್ನುವುದರಿಂದ ಹಿಡಿದು ನೀರು ಯಾಕೆ ಬರಲಿಲ್ಲ ಎನ್ನುವವರೆಗೆ ಎಲ್ಲವೂ ಅಲ್ಲೇ ತೀರ್ಮಾನ. ಗುಜರಾತಿನವರೇ ಅದಕ್ಕೆ ನಗೆಯಾಡಿ ಇಟ್ಟ ಹೆಸರು ‘ಓಟ್ಲಾ ಪರಿಷದ್’. ನಮ್ಮ ಮನೆಗೆ ಓಟ್ಲಾ ಇರಲಿಲ್ಲ. ಹಿಂದಿನ ಮಾಲೀಕರು ಅದನ್ನು ತೆಗೆಸಿ, ಒಳಗಡೆ ಗ್ರಿಲ್ ಹಾಕಿಸಿ ಕುಂಡಗಳನ್ನಿಟ್ಟಿದ್ದರು. ನನಗೆ ಅದೇ ಹಿತವಾಗಿತ್ತು. ‘ಡೀಸೆಂಟ್ ಗರ್ಲ್ಸ್ ಡು ನಾಟ್ ಸಿಟ್ ಆನ್ ಕಟ್ಟಾಸ್’ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದು ಇಷ್ಟು ವಯಸ್ಸಾದರೂ ನನ್ನ ಕಾಲುಗಳಲ್ಲಿ ಉಳಿದಿತ್ತು.

ಎದುರು ಮನೆಯವಳು ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವಳು. ಗಂಡ ಮಕರ್ಪುರಾದ ಕಾರ್ಖಾನೆಯೊಂದರಲ್ಲಿ ಫಿಟರ್. ಅವಳು ನನ್ನನ್ನು ಮಾಸಿ ಎನ್ನುತ್ತಿದ್ದಳು, ಎಂದರೆ ಚಿಕ್ಕಮ್ಮ. ಅವಳ ಅತ್ತೆಯನ್ನು ಬೀದಿಯೆಲ್ಲ ‘ಬಾ’ ಎನ್ನುತ್ತಿತ್ತು, ಗುಜರಾತಿಯಲ್ಲಿ ಅಮ್ಮ. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಬಾಗೆ ಮಂಚದಿಂದ ಓಟ್ಲಾವರೆಗೆ ವಾಕರ್ ಹಿಡಿದು ಬರುವಷ್ಟು ಶಕ್ತಿ ಉಳಿದಿತ್ತು, ಅದರಾಚೆಗೆ ಇಲ್ಲ. ಮೆಟ್ಟಿಲಿಳಿಯಲು ಆಗದು. ಬೆಳಗಿನ ಬಿಸಿಲಿಗೆ ಬಂದು ಕೂತರೆ ಊಟಕ್ಕೆ ಒಳಗೆ, ಮತ್ತೆ ಸಂಜೆಯವರೆಗೆ ಹೊರಗೆ. ಹಾಲಿನವನಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರನ್ನೂ ನಿಲ್ಲಿಸಿ ಮಾತಾಡಿಸುವಳು. ನಾನು ಗೇಟಿನ ಹೊರಗೆ ಕಾಲಿಟ್ಟರೆ, “ಮದ್ರಾಸಿ ರಾಣಿ, ಎಲ್ಲಿಗೆ ಸವಾರಿ?” ಎಂದು ಕೂಗುವಳು. ನಾನು ಮದ್ರಾಸಿನವಳಲ್ಲ ಎಂದು ಎಷ್ಟು ಸಲ ಹೇಳಿದರೂ, “ಹಾಂ ಹಾಂ, ಅದರ ಪಕ್ಕದ ಊರು” ಎಂದು ಬಿಡುವಳು.

ಪಾಲಿಕೆ ಚುನಾವಣೆ ಬಂದಾಗ ನಮ್ಮ ವಾರ್ಡಿನಲ್ಲಿ ಹೆಂಗಸರ ಸೀಟಿಗೆ ಪಾರ್ಟಿಯವರು ಎದುರು ಮನೆಯವಳನ್ನು ಆರಿಸಿದರು. ಯಾರದೋ ಹೆಂಡತಿ, ಯಾರದೋ ಮಗಳು ಎಂದಲ್ಲ. ಆ ಓಟ್ಲಾ ಮೇಲೆ ಕೂತು ಅವಳು ಮೂರು ಬೀದಿಗಳ ನೀರಿನ ಜಗಳ ಬಿಡಿಸಿದ್ದಳು. ಮಾತಿಗೆ ನಿಂತರೆ ಎದುರಿನವನು ತನ್ನ ತಪ್ಪನ್ನು ತಾನೇ ಹೇಳಿಕೊಂಡು ನಗುವ ಹಾಗೆ ಮಾಡುವಳು. ಗೆದ್ದಳು. ಗೆದ್ದ ಮೇಲೆ ಪಾಲಿಕೆಯಿಂದ ಅಜೆಂಡಾದ ಕಟ್ಟುಗಳು ಬರತೊಡಗಿದವು. ಅಜೆಂಡಾ ಗುಜರಾತಿಯಲ್ಲಿರುತ್ತಿತ್ತು, ಆದರೆ ಅದಕ್ಕೆ ಲಗತ್ತಿಸಿದ ಕರಡುಗಳಲ್ಲಿ ಕೆಲವು ಇಂಗ್ಲಿಷಿನವು. ಅವನ್ನು ಹಿಡಿದುಕೊಂಡು ಅವಳು ರಸ್ತೆ ದಾಟಿ ನನ್ನ ಬಳಿ ಬರುವಳು. ನಾನು ಓದಿ, ನನ್ನ ಹರಕು ಗುಜರಾತಿಯಲ್ಲಿ ಅರ್ಥ ಹೇಳುವೆ. ಸಾಲದ್ದಕ್ಕೆ ಹಿಂದಿ ಸೇರಿಸುವೆ. ಆ ದಿನಗಳಲ್ಲಿ ನನಗೆ ಎಷ್ಟು ಖುಷಿಯಿತ್ತೆಂದು ಈಗ ಹೇಳಲು ಸಂಕೋಚ. ಎಷ್ಟೋ ವರ್ಷದ ಮೇಲೆ ನನ್ನ ಇಂಗ್ಲಿಷ್ ಒಬ್ಬರಿಗೆ ಬೇಕಾಗಿತ್ತು.

ಹಾಗೆ ಬಂದ ಒಂದು ಕರಡಿನಲ್ಲಿ ಆ ಕಲಮು ಇತ್ತು. ರಸ್ತೆಯ ಕಡೆಗೆ ಚಾಚಿದ ಮೆಟ್ಟಿಲು, ಕಟ್ಟೆ, ಇಳಿಜಾರು ಯಾವುದಿದ್ದರೂ ಮನೆಯವರೇ ತೆಗೆಸಬೇಕು. ತೆಗೆಸದಿದ್ದರೆ ಪಾಲಿಕೆ ಒಡೆಯುತ್ತದೆ. ನಾನು ಓದಿ ಹೇಳಿದೆ. ಅವಳು ಕಿಟಕಿಯಿಂದ ಎದುರಿನ ಓಟ್ಲಾ ಕಡೆ ನೋಡಿದಳು. ಬಾ ಅಲ್ಲಿ ಕೂತು ತರಕಾರಿ ಗಾಡಿಯವನ ಜೊತೆ ಕೊತ್ತಂಬರಿಗಾಗಿ ಜಗಳವಾಡುತ್ತಿದ್ದಳು.

“ಇದು ಹೋದರೆ ಬಾ ಹೋದ ಹಾಗೆ, ಮಾಸಿ,” ಎಂದಳು.

ಕರಡು ನಿಯಮವಾಗುವ ದಾರಿಯನ್ನು ನಮ್ಮಿಬ್ಬರಿಗೂ ಬಿಡಿಸಿ ಹೇಳಿದವರು ನನ್ನ ಯಜಮಾನರು. ಅವರಿಗೆ ಎಲ್ಲವೂ ರಿಫೈನರಿಯೇ. “ಕ್ರೂಡ್ ಹೆಂಗ ಒಂದೊಂದ ಟವರ್ ದಾಟಿ ಹೋಗ್ತದ, ಹಂಗ ಇದು,” ಎಂದರು. “ಆಫೀಸಿನವರು ಕರಡು ಮಾಡ್ತಾರ. ಸ್ಟ್ಯಾಂಡಿಂಗ್ ಕಮಿಟಿ ನೋಡ್ತದ. ಪೇಪರಿನ್ಯಾಗ ಹಾಕಿ, ತಕರಾರು ಸೂಚನಾ ಇದ್ರ ಕೊಡ್ರಿ ಅಂತಾರ. ಕರದು ಕೇಳ್ತಾರ. ಆಮ್ಯಾಲೆ ಬೋರ್ಡ್, ಅಂದ್ರ ಎಲ್ಲಾ ಮೆಂಬರ್ರು ಕೂಡೂ ಸಭಾ. ಬೋರ್ಡಿನ್ಯಾಗ ಪಾಸಾದ್ರ ಗಾಂಧಿನಗರ, ರಾಜ್ಯ ಸರಕಾರದ ಕಡೆ. ಅಲ್ಲಿಂದ ಗೆಜೆಟ್. ಬೋರ್ಡ್ ದಾಟಿತಂದ್ರ ಹಿಂದಕ್ಕ ತರೂದು ಭಾಳ ತ್ರಾಸ. ತಿದ್ದೂದಿದ್ರ ಅಲ್ಲೇ ತಿದ್ದಿಸ್ಬೇಕು.”

ತಕರಾರು ಕೇಳುವ ದಿನ ಬೀದಿಯ ಹೆಂಗಸರೆಲ್ಲ ರಿಕ್ಷಾಗಳಲ್ಲಿ ಹೋದೆವು. ಅಧಿಕಾರಿ ಮರ್ಯಾದೆಯಿಂದಲೇ ಕೇಳಿ ಬರೆದುಕೊಂಡರು. ರಸ್ತೆ ಇಕ್ಕಟ್ಟು, ಆಂಬುಲೆನ್ಸ್ ಒಳಗೆ ಬರುವುದಿಲ್ಲ ಎಂದು ಅವರೂ ತಮ್ಮ ಕಷ್ಟ ಹೇಳಿದರು. ಅದೂ ಸುಳ್ಳಲ್ಲ. ಹೊಸದಾಗಿ ಕಟ್ಟುವುದು ಬೇಡ, ಈಗಾಗಲೇ ಇರುವುದು ಇರಲಿ ಎಂದು ಯಾರಾದರೂ ಸದಸ್ಯರು ಬೋರ್ಡಿನಲ್ಲಿ ತಿದ್ದುಪಡಿ ಹೇಳಿದರೆ ಸೇರಿಸಬಹುದು ಎಂದೂ ಸೂಚಿಸಿದರು. ಪಾರ್ಟಿಯ ಮುಖಂಡರೂ ಅಡ್ಡಿಯಿಲ್ಲ ಎಂದರು. ಮೇಯರ್ ಕೂಡ ಹಳೆಯ ಪೋಳದಲ್ಲಿ, ಇಕ್ಕಟ್ಟಿನ ಓಣಿಯ ಮನೆಯಲ್ಲಿ ಬೆಳೆದವರು. ಓಟ್ಲಾ ಎಂದರೆ ಅವರಿಗೂ ಮಮತೆ. ಇಷ್ಟು ಸುಲಭವಿತ್ತು. ನಾವು ಹೊರಬರುವಾಗ ಇನ್ನೊಂದು ವಾರ್ಡಿನ ಸದಸ್ಯನೊಬ್ಬ ಜೊತೆಯವನಿಗೆ ಕೇಳಿಸುವಂತೆ, “ನೋಡಪ್ಪ, ಓಟ್ಲಾ ಪರಿಷದ್ ಇವತ್ತು ಇಲ್ಲೇ ಸೇರಿದೆ,” ಎಂದ. ಎಲ್ಲರೂ ನಕ್ಕರು. ಎದುರು ಮನೆಯವಳೂ ನಕ್ಕಳು. “ಭಾಯ್, ನಿಮ್ಮ ಸೀಟೂ ಅದೇ ಪರಿಷತ್ತು ಕೊಟ್ಟಿದ್ದು,” ಎಂದು ಮುಂದೆ ನಡೆದಳು. ನಗದೆ ಇದ್ದವಳು ನಾನೊಬ್ಬಳೇ. ನನಗೆ ಮೈಯೆಲ್ಲ ಉರಿಯಿತು. ಆ ನಗೆಯೊಳಗೆ ನನ್ನನ್ನೂ ಸೇರಿಸಿದ್ದರಲ್ಲ ಎಂಬ ಉರಿ.

ಆ ಸಂಜೆಯೇ ನಾನು ಅವಳಿಗೆ ಹೇಳಿದೆ: ನೀನು ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡು. ಆಗ ಒಬ್ಬನೂ ನಗುವುದಿಲ್ಲ.

“ನಾನಾ?” ಎಂದಳು. “ನನಗೆ ‘ಥ್ಯಾಂಕ್ಯೂ ವೆಲ್ಕಮ್’ ಬಿಟ್ಟು ಏನು ಬರುತ್ತದೆ ಮಾಸಿ?”

“ನಾನು ಕಲಿಸುತ್ತೇನೆ,” ಎಂದೆ.

ಬರೆದೆ. ಒಂದು ಮಾತಿನ ತಿದ್ದುಪಡಿಯನ್ನು ಎರಡು ಪುಟದ ಭಾಷಣ ಮಾಡಿದೆ. ‘ರೆಸ್ಪೆಕ್ಟೆಡ್ ಮೇಯರ್ ಸರ್ ಅಂಡ್ ಆನರಬಲ್ ಮೆಂಬರ್ಸ್ ಆಫ್ ದಿಸ್ ಆಗಸ್ಟ್ ಹೌಸ್’ ಎಂದು ಶುರು. ಮುದುಕರ ಡಿಗ್ನಿಟಿ, ಕಮ್ಯುನಿಟಿ ಲೈಫ್, ಹೆರಿಟೇಜ್, ಎಲ್ಲವೂ ಇತ್ತು. ಎಷ್ಟೋ ವರ್ಷದ ಹಿಂದೆ ಎಲೊಕ್ಯೂಷನ್ನಿನಲ್ಲಿ ಕಪ್ ಗೆದ್ದ ಹುಡುಗಿ ಮತ್ತೆ ಎದ್ದು ಕೂತಿದ್ದಳು. ನಾನು ಹೇಳಿದ್ದನ್ನು ಅವಳು ಗುಜರಾತಿ ಅಕ್ಷರಗಳಲ್ಲಿ ಬರೆದುಕೊಂಡಳು. ಪ್ರ್ಯಾಕ್ಟೀಸ್ ಅವಳ ಓಟ್ಲಾ ಮೇಲೆಯೇ ನಡೆಯಿತು. ಕೈ ಹಿಂದೆ, ಗದ್ದ ಮೇಲೆ, ‘ಹೌಸ್’ ಎನ್ನುವಾಗ ಬಾಯಿ ದುಂಡಗೆ. ಅವಳು ಕಲಿತ ಹಾಗೆ ಮಧ್ಯಾಹ್ನದ ಹೆಂಗಸರು ಮಾತು ನಿಲ್ಲಿಸಿ ನೋಡತೊಡಗಿದರು.

ಬಾ ಸೊಸೆಯನ್ನೇ ನೋಡುತ್ತ, “ಇವಳಿಗೆ ಜ್ವರ ಬಂದಿದೆಯೇನು? ಹಣೆ ಮುಟ್ಟಿ ನೋಡಿ ಯಾರಾದರೂ,” ಎಂದಳು.

“ಬಾ, ನಿಮ್ಮ ಓಟ್ಲಾ ಉಳಿಸುವುದಕ್ಕೇ ಇದು,” ಎಂದೆ.

“ನನ್ನ ಓಟ್ಲಾಗೆ ಇಂಗ್ಲಿಷ್ ಗೊತ್ತಿಲ್ಲ, ರಾಣಿ,” ಎಂದಳು ಬಾ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಪಾಪ, ಬಾಗೇನು ತಿಳಿಯಬೇಕು ಎಂಬ ನಗೆ.

ಮನೆಯಲ್ಲಿ ಯಜಮಾನರು ಸುಮ್ಮನಿರಲಿಲ್ಲ. “ಆಕಿ ಗುಜರಾತಿಯೊಳಗ ನಿಂತು ಮಾತಾಡಿದ್ರ ಬೀದಿ ನಾಯಿನೂ ಕುಂತು ಕೇಳ್ತಾವ. ನೀ ಯಾಕ ಆಕಿ ಬಾಯಿಗೆ ಬೀಗಾ ಹಾಕ್ತಿ?”

“ನಿಮಗ ತಿಳಿಯೂದಿಲ್ಲ, ಸುಮ್ನಿರ್ರಿ. ಆಕಿಗೆ ನಗ್ತಾರ ಅವರು. ಇಂಗ್ಲಿಷ್ ಅಂದ್ರ ಗೌರವ ಬರ್ತದ.”

“ಗೌರವ ಬರ್ತದ ಖರೆ. ಮಾತು ಬರ್ತದೇನು?”

ನಾನು ಒಳಗೆ ನಡೆದೆ. ಉತ್ತರ ಕೊಡದೆ ಒಳಗೆ ಹೋಗುವುದು ನಾನು ಗೆದ್ದ ಹಾಗೆ ಎಂದು ನಮ್ಮ ಮನೆಯ ರೂಢಿ.

ಬೋರ್ಡಿನ ದಿನ ಅವಳು ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು, ನಾನು ವಿಸಿಟರ್ಸ್ ಗ್ಯಾಲರಿಗೆ ಪಾಸ್ ತೆಗೆದುಕೊಂಡು, ಇಬ್ಬರೂ ಹೋದೆವು. ವಂದೇ ಮಾತರಂ ಆಯಿತು. ಯಾರೋ ಹಿರಿಯರು ತೀರಿಕೊಂಡಿದ್ದರು. ಅವರಿಗೆ ಶೋಕ ಠರಾವು ಓದಿ, ಎದ್ದು ನಿಂತು ಮೌನ ಆಚರಿಸಿ, ಸಭೆ ಮುಂದೂಡಿದರು. ಪಾಲಿಕೆಯಲ್ಲಿ ಅದು ರೂಢಿ. ಶೋಕವಾದ ದಿನ ಬೇರೆ ಕೆಲಸ ಇಲ್ಲ. ಅವಳ ಮುಖದಲ್ಲಿ ಬಿಡುಗಡೆ ಕಂಡಿತು. ನಾನು, “ಒಳ್ಳೆಯದೇ ಆಯಿತು, ಇನ್ನೂ ಪಾಲಿಶ್ ಮಾಡಬಹುದು,” ಎಂದೆ. ರಿಕ್ಷಾದಲ್ಲಿ ಬರುತ್ತ ಅವಳು ಮೆಲ್ಲಗೆ, “ಮಾಸಿ, ಮೊದಲ ಎರಡು ಲೈನ್ ಇಂಗ್ಲಿಷಿನಲ್ಲಿ ಹೇಳಿ ಆಮೇಲೆ ನಮ್ಮ ಭಾಷೆಯಲ್ಲಿ ಹೇಳಿದರೆ ನಡೆಯುವುದಿಲ್ಲವೇ?” ಎಂದು ಕೇಳಿದಳು. “ಅದು ಇನ್ನೂ ಕೆಟ್ಟದ್ದು,” ಎಂದೆ. “ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ.” ಅವಳು ಹೂಂ ಎಂದಳು. ಕೇಳಿದ್ದನ್ನು ಮತ್ತೊಮ್ಮೆ ಕೇಳುವವಳಲ್ಲ ಅವಳು, ನನ್ನೆದುರಿಗಂತೂ ಅಲ್ಲ.

ಮುಂದಿನ ಸಭೆಯಲ್ಲಿ ಆ ಕರಡು ಬಂತು. ಕಾರ್ಯದರ್ಶಿ ವಿಷಯದ ನಂಬರ್ ಓದಿದರು. ಮೇಯರ್ ಕನ್ನಡಕದ ಮೇಲಿನಿಂದ ಅವಳ ಕಡೆ ನೋಡಿ, “ಬೆನ್, ನಿಮಗೇನೋ ಹೇಳುವುದಿತ್ತಲ್ಲ?” ಎಂದು ಸೋದರಿಯನ್ನು ಕರೆಯುವ ಹಾಗೆ ಕೇಳಿದರು. ಅವಳು ಎದ್ದಳು. ಕೈ ಹಿಂದೆ, ಗದ್ದ ಮೇಲೆ. ‘ರೆಸ್ಪೆಕ್ಟೆಡ್ ಮೇಯರ್ ಸರ್’ ಎಂದಾಗ ಸಭೆ ನಿಜಕ್ಕೂ ಸ್ತಬ್ಧವಾಯಿತು. ಆವತ್ತು ಗೇಲಿ ಮಾಡಿದವನೂ ತಿರುಗಿ ನೋಡಿದ. ಆ ಕ್ಷಣದಲ್ಲಿ ನನಗೆ ಎಂಥ ಹೆಮ್ಮೆಯಾಯಿತೆಂದರೆ, ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಎರಡು ವಾಕ್ಯ ಸರಿಯಾಗಿ ಬಂದವು. ಮೂರನೆಯದು ಅರ್ಧದಲ್ಲಿ ನಿಂತಿತು. ಅವಳ ಬಾಯಿ ತೆರೆದೇ ಇತ್ತು. ಕೈಯಲ್ಲಿನ ಹಾಳೆ ನೋಡಿದಳು. ಗುಜರಾತಿ ಲಿಪಿಯಲ್ಲಿದ್ದ ಆ ಇಂಗ್ಲಿಷ್ ಅವಳಿಗೆ ಆಗ ಯಾವ ಭಾಷೆಯಾಗಿಯೂ ಕಂಡಿರಲಿಕ್ಕಿಲ್ಲ.

ಮೇಯರ್ ಒಳ್ಳೆಯ ಮನುಷ್ಯ. “ಬೆನ್, ಗುಜರಾತಿಯಲ್ಲೇ ಹೇಳಿ, ಆರಾಮಾಗಿ,” ಎಂದರು.

ಅವಳು ತಲೆಯೆತ್ತಿ ಗ್ಯಾಲರಿಯಲ್ಲಿ ನನ್ನನ್ನು ಹುಡುಕಿದಳು. ಏನು ಕೇಳುತ್ತಿದ್ದಾಳೆಂದು ನನಗೆ ತಿಳಿದಿತ್ತು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅವಳ ಭಾಷೆಯಲ್ಲಿ ಒಂದೇ ಮಾತು: ಇದ್ದದ್ದು ಇರಲಿ, ಸಾಹೇಬ್. ನಾನು ಮುಂದಕ್ಕೆ ಬಾಗಿ, ತುಟಿಗಳನ್ನು ದೊಡ್ಡದಾಗಿ ಆಡಿಸಿ, ಅವಳು ಮರೆತ ಇಂಗ್ಲಿಷ್ ಶಬ್ದವನ್ನು ಸದ್ದಿಲ್ಲದೆ ಹೇಳಿಕೊಟ್ಟೆ. ಸ್ಕೂಲ್ ಡೇ ದಿನ ಸೈಡ್ ವಿಂಗಿನಿಂದ ಪ್ರಾಂಪ್ಟ್ ಮಾಡುವ ಸಿಸ್ಟರ್ ಹಾಗೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕೆಳಗೆ ಯಾರೋ ಕೆಮ್ಮಿದರು. ಅವಳು “ಥ್ಯಾಂಕ್ಯೂ” ಎಂದು ಕೂತುಬಿಟ್ಟಳು. ಭಾಷಣ ಮುಗಿಯಿತೆಂದೇ ಹಿಂದಿನವರು ತಿಳಿದರು. ಮುಂದಿನ ಸಾಲಿನವರು ಮೇಜು ಬಡಿಯತೊಡಗಿದರು, ಅವಳಿಗೆ ಶಹಬ್ಬಾಸ್ ಎನ್ನುವಂತೆ. ಆ ಸದ್ದಿನಲ್ಲೇ ‘ಮಂಜೂರ್’ ಕೂಡ ಆಗಿಹೋಯಿತು. ಕಾರ್ಯದರ್ಶಿ ಮುಂದಿನ ನಂಬರ್ ಓದಿದರು.

ಮೆಟ್ಟಿಲ ಬಳಿ ಮೇಯರ್ ಸಿಕ್ಕರು. “ಒಂದು ಮಾತು ಹೇಳಿದ್ದರೆ ಸೇರಿಸಿಬಿಡುತ್ತಿದ್ದೆವಲ್ಲ, ಬೆನ್. ನೀವು ಹೇಳದೆ ನಾನು ಹೇಗೆ ಬರೆಸಲಿ?” ಎಂದರು. ಅವಳು ಕೈ ಮುಗಿದಳು. ರಿಕ್ಷಾದಲ್ಲಿ ಮಂಜಲ್‌ಪುರ ಬರುವವರೆಗೂ ಅವಳು ನನಗೇ ಸಮಾಧಾನ ಹೇಳಿದಳು. “ನಿಮ್ಮ ಭಾಷಣ ಎಷ್ಟು ಚೆನ್ನಾಗಿತ್ತು ಮಾಸಿ. ನನ್ನ ತಲೆಯೇ ದಡ್ಡ ತಲೆ.” ನಾನು “ನೋ, ನೋ” ಎಂದೆ. ಅದನ್ನೂ ಇಂಗ್ಲಿಷಿನಲ್ಲೇ ಎಂದೆ.

ಗಾಂಧಿನಗರದಿಂದ ಒಪ್ಪಿಗೆ ಬಂದು ಗೆಜೆಟ್ ಆಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಸದಸ್ಯರು ಮೇಲ್ಪಂಕ್ತಿ ಹಾಕಬೇಕೆಂದು ಪಾರ್ಟಿಯವರು ಹೇಳಿದ್ದರಿಂದ ಅವಳು ತನ್ನ ಓಟ್ಲಾವನ್ನೇ ಮೊದಲು ಒಡೆಸಿದಳು. ಅತ್ತೆಯನ್ನು ಆ ದಿನ ನಾದಿನಿಯ ಮನೆಗೆ ಕಳಿಸಿದ್ದಳು. ಬಾ ಮರಳಿ ಬಂದಾಗ ಬಾಗಿಲಿನ ಮುಂದೆ ಕಿರಿದಾದ ಕಬ್ಬಿಣದ ಏಣಿಮೆಟ್ಟಿಲು ಇತ್ತು. ಗಂಡ ಕಾರ್ಖಾನೆಯಲ್ಲಿ ಮಾಡಿಸಿದ್ದ, ಬೇಕೆಂದಾಗ ಒಳಗೆ ಎಳೆದುಕೊಳ್ಳುವಂಥದ್ದು. ಮುದುಕಿಯನ್ನು ಇಬ್ಬರು ಎತ್ತಿ ಒಳಗೆ ತೆಗೆದುಕೊಂಡು ಹೋದರು. ಹೊಸ್ತಿಲಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ನಮ್ಮ ಗ್ರಿಲ್ಲು ಮತ್ತು ನನ್ನ ಕುಂಡಗಳು ಅಷ್ಟೆ. ಹೆಂಗಸರು ಕೆಲವು ದಿನ ರಸ್ತೆಯಲ್ಲೇ ನಿಂತು ಮಾತಾಡಿಸಿದರು. ನಿಂತ ಮಾತು ಎಷ್ಟು ಹೊತ್ತು ನಡೆಯುತ್ತದೆ? ಬಾ ಕೂಗುವುದನ್ನು ನಿಲ್ಲಿಸಿದಳು. ನಾನು ಹೊರಡುವಾಗ ಕುರ್ಚಿಯ ಕಡೆ ನೋಡದಿರಲು ಪರ್ಸಿನಲ್ಲಿ ಏನೋ ಹುಡುಕುತ್ತ ಗೇಟು ದಾಟುತ್ತಿದ್ದೆ. ಚಳಿಗಾಲ ಮುಗಿಯುವ ಮೊದಲೇ ಬಾ ಮಂಚ ಹಿಡಿದಳು, ಮತ್ತೆ ಏಳಲಿಲ್ಲ. ವಯಸ್ಸಾಗಿತ್ತು ಎಂದರು ಎಲ್ಲರೂ. ಹೌದು, ಆಗಿತ್ತು.

ಎದುರು ಮನೆಯವಳು ನನ್ನ ಮೇಲೆ ಒಂದು ದಿನವೂ ಮುನಿಸು ತೋರಿಸಲಿಲ್ಲ. ಹಬ್ಬಕ್ಕೆ ಫರಸಾಣ್, ಕುರುಕಲು ತಿಂಡಿ, ತಂದು ಕೊಡುವುದು ನಿಲ್ಲಿಸಲಿಲ್ಲ. ಆದರೆ ನನ್ನೆದುರು ಅವಳ ಮಾತು ಸಣ್ಣದಾಯಿತು. ಹೆಂಗಸರ ನಡುವೆ ಕೈ ಬೀಸಿ ಏನೋ ಹೇಳುತ್ತಿದ್ದವಳು ನಾನು ಬಂದರೆ, “ಬನ್ನಿ ಮಾಸಿ,” ಎಂದು ಸೆರಗು ಸರಿಮಾಡಿಕೊಂಡು ಸುಮ್ಮನಾಗುವಳು. ಬೋರ್ಡಿನಲ್ಲಿ ಆಮೇಲೆ ಎದ್ದು ಮಾತಾಡಲೇ ಇಲ್ಲವಂತೆ. ಮುಂದಿನ ಸಲ ಪಾರ್ಟಿ ಬೇರೆಯವರಿಗೆ ಟಿಕೆಟ್ ಕೊಟ್ಟಿತು. “ಈಗಾರ ಹೋಗಿ ಸಾರಿ ಕೇಳು,” ಎಂದರು ಯಜಮಾನರು. ನಾನು ಹೋದೆ. ಅವಳು ಚಹಾ ಮಾಡಿದಳು, ಬಿಸ್ಕತ್ ಇಟ್ಟಳು, “ಯಾವುದಕ್ಕೆ ಮಾಸಿ?” ಎಂದು ಕೇಳಿದಳು. ನನಗೆ ಗುಜರಾತಿಯಲ್ಲಿ ಅದನ್ನು ಹೇಳಲು ಬರಲಿಲ್ಲ. ಚಹಾ ಕುಡಿದು ಬಂದೆ.

ಯಜಮಾನರು ಹೋದ ಮೇಲೆ ಮಗಳು ನನ್ನನ್ನು ಅಹಮದಾಬಾದಿಗೆ ಕರೆದುಕೊಂಡು ಬಂದಳು. ಮನೆ ಮಾರಿದಾಗ ಹೌಸ್ ಟ್ಯಾಕ್ಸಿನ ಹೆಸರು ಬದಲಿಸಲು ವಡೋದರಾದ ನಮ್ಮ ಹಳೆಯ ವಾರ್ಡ್ ಆಫೀಸಿಗೆ ಹೋಗಬೇಕಾಯಿತು. ಮೇಲಿನ ಹಾಲಿನಲ್ಲಿ ಏನೋ ಹಿಯರಿಂಗ್ ನಡೆದಿತ್ತು. ಮನೆ ಮುಂದೆ ಗಾಡಿ ನಿಲ್ಲಿಸುವ ಬಗ್ಗೆ ಹೊಸ ಕರಡಂತೆ. ಬಾಗಿಲು ತೆರೆದಿತ್ತು. ದನಿ ಕೇಳಿ ನಿಂತೆ. ಅವಳದೇ ದನಿ. ಜನರ ನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಜರಾತಿಯಲ್ಲಿ ಅಧಿಕಾರಿಗೆ ಹೇಳುತ್ತಿದ್ದಳು: “ಸಾಹೇಬ್, ಆಂಬುಲೆನ್ಸ್ ಬರಲು ಜಾಗ ಬೇಕೆಂದು ನಮ್ಮನ್ನು ಒಳಗೆ ತಳ್ಳಿದಿರಿ. ಈಗ ಸ್ಕೂಟರನ್ನೂ ಒಳಗೆ ತಳ್ಳುತ್ತೀರಿ. ಒಳಗೆ ಎಷ್ಟು ಜಾಗವಿದೆ ಎಂದು ಒಂದು ದಿನ ಚಹಾಗೆ ಬಂದು ನೋಡಿ.” ಅಧಿಕಾರಿ ನಗುತ್ತಿದ್ದ, ಸುತ್ತಲಿನವರು ನಗುತ್ತಿದ್ದರು. ಅದು ಬೇರೆ ನಗೆ. ಅವರೆಲ್ಲ ಅವಳ ಕಡೆಗಿದ್ದರು. ಎಷ್ಟು ಕಾಲದ ಮೇಲೆ ಅವಳ ನಿಜವಾದ ದನಿ ಕೇಳಿದ್ದೆ. ನಾನು ಕೇಳುವ ಆಸೆಯಿಂದ ಒಂದು ಹೆಜ್ಜೆ ಒಳಗಿಟ್ಟೆ.

ಅವಳು ನನ್ನನ್ನು ನೋಡಿದಳು. ಮಾತು ಅರ್ಧಕ್ಕೆ ನಿಂತಿತು. ಕೈ ತಾನಾಗಿ ಸೊಂಟದ ಸೆರಗನ್ನು ಬಿಡಿಸಿ ಹೆಗಲಿಗೆ ಎಳೆದುಕೊಂಡಿತು.

“ಬೋಲೋ ಬೆನ್, ಆಮೇಲೆ?” ಎಂದ ಅಧಿಕಾರಿ.

“ಸಾರಿ,” ಎಂದಳು ಅವಳು, ಅವನಿಗಲ್ಲ, ನನಗೆ.

ನಾನು ಹೊರಗೆ ಬಂದು ಬಾಗಿಲಿನ ಪಕ್ಕದ ಗೋಡೆಗೆ ಒರಗಿ, ಕಾಣಿಸಿಕೊಳ್ಳದ ಹಾಗೆ ನಿಂತೆ. ನಾನು ಹೋದೆನೆಂದು ತಿಳಿದರೆ ಮುಂದುವರಿಸಿಯಾಳು ಎಂದು. ಸ್ವಲ್ಪ ಹೊತ್ತು ಕಾದೆ. ಇನ್ನೊಬ್ಬ ಗಂಡಸಿನ ದನಿ ಎದ್ದಿತು. ಕಿಟಕಿಯ ಸರಳುಗಳ ನಡುವಿನಿಂದ ಒಮ್ಮೆ ಇಣುಕಿದೆ. ಅವಳು ಕೂತುಬಿಟ್ಟಿದ್ದಳು, ಎರಡೂ ಕೈ ತೊಡೆಯ ಮೇಲೆ, ಬಾಗಿಲಿನ ಕಡೆಗೇ ಮುಖ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.